ಅಟ್ಟದ ಬೊಟ್ಟು, ಸೊಸೆಯ ಕಾಮೆಂಟು

ಸೊಸೆಯ ಕಂಪ್ಯೂಟರು ನಮ್ಮ ಅಡುಗೆಮನೆಯ ಗೋಡೆಗೆ ಒತ್ತಿಕೊಂಡು ಕೂತಿತ್ತು. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೇರೆ ಜಾಗವಿರಲಿಲ್ಲ. ನನ್ನ ಮಗ ಅಲ್ಲಿನ ಸ್ಟೇಷನ್ನಿನಲ್ಲಿ ಚಿಕ್ಕ ಮಾಸ್ತರ. ಪಾಳಿ ಕೆಲಸ, ಹಗಲು ಮನೆಗೆ ಬಂದರೆ ಒಳಗಿನ ಕೋಣೆಯಲ್ಲಿ ಮಲಗಿಬಿಡುತ್ತಿದ್ದ. ಉಳಿದವರು ನಾನೂ ಸೊಸೆಯೂ ಅಡುಗೆಮನೆಯ ಕಡೆ. ಅವಳು ಕಂಪ್ಯೂಟರಿನ ಮುಂದೆ, ನಾನು ಮೊರದ ಮುಂದೆ.

ನಾನು ಅಲ್ಲಿಗೆ ಬಂದದ್ದು ಮಗನ ಮೇಲಿನ ಮಮತೆಯಿಂದಲ್ಲ. ಕಣಕಟ್ಟೆಯ ಮನೆಯಲ್ಲಿ ಅಟ್ಟದ ಏಣಿ ಹತ್ತಲು ಮಂಡಿ ಒಪ್ಪಲಿಲ್ಲ, ಅದಕ್ಕೆ ಬಂದೆ. ಅಲ್ಲಿ ತೋಟ, ಮನೆ, ಅಟ್ಟ ಎಲ್ಲವನ್ನೂ ಓರಗಿತ್ತಿ ನೋಡಿಕೊಳ್ಳುತ್ತಿದ್ದಳು. ಓದು ಬರಹ ನನಗೆ ಬಂದದ್ದು ತಡವಾಗಿ, ಊರಿನಲ್ಲಿ ಸಾಯಂಕಾಲದ ಅಕ್ಷರದ ಕ್ಲಾಸು ನಡೆಸಿದರಲ್ಲ, ಆಗ. ಬಸ್ಸಿನ ಬೋರ್ಡು ಓದುತ್ತೇನೆ, ರೇಷನ್ ಕಾರ್ಡು ಓದುತ್ತೇನೆ, ಹೀಗೆ ನಾಲ್ಕು ಸಾಲು ಬರೆಯುತ್ತೇನೆ. ಇಂಗ್ಲಿಷ್ ಬರುವುದಿಲ್ಲ. ಬೇಕು ಅನಿಸಿದ್ದೂ ಇಲ್ಲ.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ಸೊಸೆ ಹಳೇಬೀಡಿನವಳು, ಹಾಸನದಲ್ಲಿ ಕಂಪ್ಯೂಟರ್ ಓದಿದವಳು. ಬೆಂಗಳೂರಿನ ಒಂದು ಸಣ್ಣ ಆಫೀಸು ಮನೆಯಲ್ಲೇ ಕೂತು ಮಾಡುವ ಕೆಲಸ ಕೊಟ್ಟಿತ್ತು, ಆರು ತಿಂಗಳು ನೋಡೋಣ ಅಂತ. ಫೋನಿನ ವೈರಿನಲ್ಲೇ ಇಂಟರ್‌ನೆಟ್ಟು. ಅದು ನಡೆಯುತ್ತಿದ್ದಾಗ ಯಾರೂ ಫೋನ್ ಮಾಡುವಂತಿರಲಿಲ್ಲ. ನನಗೇನು, ನನಗೆ ಯಾರೂ ಮಾಡುತ್ತಿರಲಿಲ್ಲ.

ಐದನೇ ತಿಂಗಳಲ್ಲಿ ಅವಳಿಂದ ಒಂದು ತಪ್ಪಾಯಿತು. ಆಫೀಸಿನಲ್ಲಿ ಪರೀಕ್ಷೆಗೆ ಇಟ್ಟಿದ್ದ ಮಿಷನ್ನು ನಡುವೆ ನಡುವೆ ಸುಮ್ಮನೆ ನಿಂತುಬಿಡುತ್ತಿತ್ತು. ಇವಳು ಬರೆದದ್ದು ಸೇರಿದ ಮೇಲೇ ಹಾಗಾಗಿದ್ದು. ಹುಡುಕಿ ಹುಡುಕಿ ಹದಿನೈದು ದಿನ ಅವಳ ಕಣ್ಣು ಕೆಂಡವಾಯಿತು. ಕೊನೆಗೆ ಸಿಕ್ಕಿತು. ಏನು ಸಿಕ್ಕಿತು ಎಂದು ಅವಳು ನನಗೆ ಹೇಳಿದ ಹಾಗೇ ಹೇಳುತ್ತೇನೆ.

ಕಂಪ್ಯೂಟರಿನ ಒಳಗೆ ಎಲ್ಲಕ್ಕೂ ಯಜಮಾನನಂಥದ್ದು ಒಂದಿದೆ, ಅದಕ್ಕೆ ಕರ್ನೆಲ್ ಅನ್ನುತ್ತಾರೆ. ಅದರೊಳಗೆ ಒಂದು ಕೆಲಸ ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು ಕರೆಯುತ್ತದೆ. ಎಲ್ಲೋ ಎಡವಿದರೆ, ಯಾರು ಯಾರನ್ನು ಕಳಿಸಿ ಇಲ್ಲಿಗೆ ಬಂತು ಎಂಬ ಜಾಡು ಬೇಕಲ್ಲ? ಆ ಜಾಡನ್ನು ಬರೆದಿಡಲು ಕರ್ನೆಲ್ಲಿನಲ್ಲಿ ಒಂದು ಏರ್ಪಾಡು ಇದೆ. ಆ ಏರ್ಪಾಡಿನ ತಲೆಯ ಮೇಲೆ, ಮುಂದೆ ಓದುವವರಿಗೆ ತಿಳಿಯಲಿ ಅಂತ ಯಾರೋ ಒಂದು ಸಾಲು ಬರೆದಿದ್ದರು. ಅಂಥ ಸಾಲಿಗೆ ಕಾಮೆಂಟ್ ಎಂದು ಹೆಸರು. ಅದರಲ್ಲಿ ಇದ್ದದ್ದು ಇಷ್ಟೇ: ಇದು ಜಾಡನ್ನು ಬರೆದಿಡುತ್ತದೆ. ಎಲ್ಲಿ ಬರೆದಿಡುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಇರಲಿಲ್ಲ. ಇವಳು ಅದನ್ನು ನಂಬಿ, ಜಾಡು ಭದ್ರವಾಗಿದೆ, ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡಳು. ಆಮೇಲೆ ನೋಡಿದರೆ ಅಲ್ಲಿ ಇನ್ಯಾರದೋ ಕಸ ತುಂಬಿತ್ತು. ಅದನ್ನೇ ಜಾಡು ಎಂದು ಓದಲು ಹೋಗಿ ಮಿಷನ್ನು ನಿಲ್ಲುತ್ತಿತ್ತು.

ಆಫೀಸಿನ ಸಾಹೇಬರು ಫೋನಿನಲ್ಲಿ ಮಾತಾಡಿದ್ದು ನಾನು ಕೂತಲ್ಲಿಗೂ ಕೇಳಿಸಿತು. ಕೂಗಲಿಲ್ಲ, ಪಾಪ. ಮೆತ್ತಗೇ ಕೇಳಿದರು.

"ಕಾಮೆಂಟ್ ಇತ್ತಲ್ಲಮ್ಮಾ. ಕಣ್ಣು ಬಿಟ್ಟು ಓದ್ಬೇಕಾಗಿತ್ತು."

ಅದರಲ್ಲಿ ಈ ವಿಷಯ ಇಲ್ಲವೇ ಇಲ್ಲ ಎಂದು ಇವಳು. ಹಾಗಾದರೆ ಆ ಕಾಮೆಂಟನ್ನು ಸರಿಮಾಡಿಸು, ಅದನ್ನು ನೋಡಿಕೊಳ್ಳುವವರು ಹೊರದೇಶದಲ್ಲಿದ್ದಾರೆ, ಅವರಿಗೆ ಕಳಿಸು, ಅವರು ಒಪ್ಪಿದರೆ ತಪ್ಪು ಕಾಮೆಂಟಿನದು, ಒಪ್ಪದಿದ್ದರೆ ತಪ್ಪು ನಿನ್ನದು ಎಂದರು ಅವರು. ಆರು ತಿಂಗಳು ಮುಗಿಯುವುದರೊಳಗೆ ಆಗಬೇಕು. ತಪ್ಪು ಇವಳದೇ ಎಂದಾದರೆ ಏಳನೇ ತಿಂಗಳು ಇಲ್ಲ. ಸೊಸೆ ಫೋನ್ ಇಟ್ಟಳು. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಕಾಫಿ ಕೊಟ್ಟೆ.

ಮೊದಲನೆಯ ಕಾಮೆಂಟನ್ನು ಎರಡು ದಿನದಲ್ಲಿ ಬರೆದಳು. ಉದ್ದ ಇತ್ತು. ಇಲ್ಲಿಂದ ಶುರುವಾಗುತ್ತದೆ, ಹೀಗೆ ಎಣಿಸುತ್ತದೆ, ಒಂದೊಂದೇ ಹೆಜ್ಜೆ ಬರೆಯುತ್ತದೆ, ಇಲ್ಲಿಗೆ ನಿಲ್ಲುತ್ತದೆ ಎಂದು. ಕಳಿಸಿದಳು. ಮೂರು ದಿನದ ಮೇಲೆ ಜವಾಬು ಬಂತು. ಬರೆದವನು ಯಾವ ದೇಶದವನೋ ಅವಳಿಗೂ ಗೊತ್ತಿರಲಿಲ್ಲ. ಇದೆಲ್ಲ ಕೋಡಿನಲ್ಲೇ ಕಾಣುತ್ತದೆ, ಕಾಣುವುದನ್ನು ಯಾಕೆ ಮತ್ತೆ ಬರೆಯುತ್ತೀರಿ ಎಂದಿದ್ದನಂತೆ.

ಅವಳಿಗೆ ಸಿಟ್ಟು ಬರುವ ಬದಲು ನಗು ಬಂತು. ಅವಳಪ್ಪ ಹಳೇಬೀಡಿನ ದೇವಸ್ಥಾನದಲ್ಲಿ ಬಂದವರಿಗೆ ಕೆತ್ತನೆ ತೋರಿಸುವ ಕೆಲಸ ಮಾಡಿದವರು. ಹೊಸಬರು ಬಂದು ಇದು ಆನೆ, ಇದು ಕುದುರೆ ಎಂದು ಕೋಲಿಟ್ಟು ತೋರಿಸಿದರೆ ಅವರು ಬೈಯುತ್ತಿದ್ದರಂತೆ, ಬಂದವರಿಗೆ ಕಣ್ಣಿಲ್ಲವಾ, ಆನೆ ಅಂತ ಅವರಿಗೆ ಕಾಣಲ್ವಾ ಅಂತ. ನಮ್ಮಪ್ಪನ ಬೈಗುಳ ಅಷ್ಟು ದೂರದಿಂದ ಸುತ್ತಿ ಬಂತು ಎಂದಳು.

ಎರಡನೆಯದರಲ್ಲಿ ತನಗಾದದ್ದನ್ನೆಲ್ಲ ಬರೆದಳು. ಮಿಷನ್ನು ನಿಂತದ್ದು, ಹದಿನೈದು ದಿನ ಹುಡುಕಿದ್ದು, ಕಸ ಸಿಕ್ಕಿದ್ದು. ಅದಕ್ಕೂ ಬೇಡ ಎಂದೇ ಬಂತು. ಕತೆಯನ್ನು ಜೊತೆಗೆ ಕಳಿಸುವ ಪತ್ರದಲ್ಲಿ ಬರೆಯಿರಿ, ಕಾಮೆಂಟಿನಲ್ಲಿ ಓದುವವನಿಗೆ ಬೇಕಾದ್ದನ್ನು ಬರೆಯಿರಿ, ಎರಡು ಮೂರು ಸಾಲು ಸಾಕು. ಅಷ್ಟೊತ್ತಿಗೆ ಉಳಿದಿದ್ದದ್ದು ಹನ್ನೊಂದು ದಿನ.

ಅವಳು ಊಟ ಬಿಟ್ಟಳು. ಬಿಟ್ಟಳು ಅಂದರೆ ತಟ್ಟೆ ಮುಂದಿಟ್ಟುಕೊಂಡು ಕೂರುವುದು, ಮುದ್ದೆ ಒಣಗುವುದು. ನನಗೂ ಬೇಜಾರು ಬಂದಿತ್ತು. ಎರಡು ಸಾಲು ಬರೆಯಲು ಇಷ್ಟು ದಿನವಾ? ನಾನು ಅಕ್ಷರ ಕಲಿತ ವರ್ಷವೇ ಇದಕ್ಕಿಂತ ಬೇಗ ಮುಗಿದಿತ್ತು.

ಒಂದು ಮಧ್ಯಾಹ್ನ ನನ್ನನ್ನು ಕರೆದಳು.

"ಅತ್ತೆ, ಸ್ವಲ್ಪ ಕೂತ್ಕೊಳ್ಳಿ. ನಾನು ಕನ್ನಡದಲ್ಲಿ ಹೇಳ್ತೀನಿ. ನಿಮಗೆ ಎಲ್ಲಿ ಗೊತ್ತಾಗ್ಲಿಲ್ವೋ ಅಲ್ಲಿ ನಿಲ್ಲಿಸಿ."

"ಯಾಕೆ, ನನ್ನಂಥ ದಡ್ಡಿಗೆ ಗೊತ್ತಾದ್ರೆ ಎಲ್ರಿಗೂ ಗೊತ್ತಾಗುತ್ತೆ ಅಂತಾನಾ?"

"ಹ್ಞೂಂ ಅತ್ತೆ, ಅದಕ್ಕೇ."

ಮುಖ ನೋಡಿ ಹೇಳಿದಳು, ಬಿನ್ನಾಣ ಮಾಡಲಿಲ್ಲ. ಅದು ನನಗೆ ಹಿಡಿಸಿತು. ಅವರೆಕಾಯಿ ಸುಲಿಯುತ್ತಾ ಕೂತೆ. ಅವಳು ಓದಿದಳು. ಕೇಳಿದವರಿಗೆ ಇದು ಜಾಡನ್ನು ಬರೆದುಕೊಡುತ್ತದೆ, ಎಂದಳು. ನಾನು ನಿಲ್ಲಿಸಿದೆ.

"ಬರೆದು ಯಾತರಾಗೆ ಕೊಡ್ತದೆ? ಬುಟ್ಟಿ ಯಾರ್ದು?"

ಅವಳು ತಿರುಗಿ ನೋಡಿದಳು. ನಾನು ಬಿಡಿಸಿ ಹೇಳಿದೆ. ಯಾರಾದರೂ ಕಾಯಿ ಕೇಳಲು ಬರುತ್ತಾರೆ. ನಮ್ಮ ಬುಟ್ಟಿಯಲ್ಲಿ ಹಾಕಿಕೊಟ್ಟರೆ ಅದು ನಮ್ಮ ಬುಟ್ಟಿ, ಅದರ ಚಿಂತೆ ನಮ್ಮದು. ಅವರೇ ಬುಟ್ಟಿ ತಂದರೆ ತುಂಬಿ ಕೊಡುತ್ತೇವೆ, ಆಮೇಲೆ ಆ ಬುಟ್ಟಿಯನ್ನು ಅವರು ಗೊಬ್ಬರಕ್ಕೆ ಇಟ್ಟುಕೊಂಡರೆ ನಾವೇನು ಮಾಡಲಾಗುತ್ತದೆ?

ಬುಟ್ಟಿ ಕೇಳುವವರದೇ ಎಂದಳು ಅವಳು. ಅವರೇ ಜಾಗ ಕೊಡಬೇಕು, ಇದು ಅದರಲ್ಲಿ ಬರೆಯುತ್ತದೆ ಅಷ್ಟೇ, ತನ್ನ ಹತ್ತಿರ ನಕಲು ಇಟ್ಟುಕೊಳ್ಳುವುದಿಲ್ಲ. ಅವಳು ಕೊಟ್ಟಿದ್ದ ಜಾಗವೋ, ಅವಳ ಕೆಲಸ ಮುಗಿದ ತಕ್ಷಣ ಬೇರೆಯವರ ಕೈಗೆ ಹೋಗುವಂಥದ್ದು.

"ಅದನ್ನ ಯಾಕೆ ಬರೀಲಿಲ್ಲ ಮತ್ತೆ ನೀನು?"

ಇಷ್ಟು ದಿನ ಬರೆದದ್ದರಲ್ಲಿ ಎಲ್ಲವೂ ಇತ್ತು, ಅದೊಂದು ಇರಲಿಲ್ಲ. ಅವಳಿಗೆ ಅದು ಎಷ್ಟು ಗೊತ್ತಾಗಿಹೋಗಿತ್ತು ಅಂದರೆ, ಬರೆಯಬೇಕು ಅಂತ ತೋಚಿರಲಿಲ್ಲ. ಬುಟ್ಟಿ ಸಣ್ಣದಾದರೆ ಏನಾಗುತ್ತದೆ ಎಂದು ಇನ್ನೊಂದು ಕೇಳಿದೆ. ಹಿಡಿಸುವಷ್ಟು ಬರೆಯುತ್ತದೆ, ಮಿಕ್ಕಿದ್ದನ್ನು ಬಿಡುತ್ತದೆ ಎಂದಳು. ಅದನ್ನೂ ಬರಿ ಎಂದೆ. ಕಾಳು ಒಳಗಿಡಲು ಎದ್ದೆ. ಅವಳು ಬರೆಯತೊಡಗಿದಳು.

ಒಲೆಯ ಮುಂದೆ ನಿಂತಾಗ ಕಣಕಟ್ಟೆಯ ಅಟ್ಟ ನೆನಪಿಗೆ ಬಂತು. ನೆನಪಿಗೆ ಬರಲಿ ಎಂದು ನಾನು ಕಾದಿರಲಿಲ್ಲ.

ನಮ್ಮ ಕಡೆ ಕೊಬ್ಬರಿ ಮಾಡುವುದು ಹೀಗೆ. ಬಲಿತ ತೆಂಗಿನಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಒಂದು ವರ್ಷ ಮುಟ್ಟದೆ ಬಿಡಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಕರಟದಿಂದ ಬಿಟ್ಟುಕೊಂಡು ಗುಂಡಾಗುತ್ತದೆ. ಯಾವ ರಾಶಿ ಯಾವಾಗ ಹಾಕಿದ್ದು ಎಂದು ತಿಳಿಯಲು ನಾನು ಅಮಾವಾಸ್ಯೆಗೊಂದು ಸುಣ್ಣದ ಬೊಟ್ಟನ್ನು ಮೇಲಿನ ತೊಲೆಗೆ ಇಡುತ್ತಿದ್ದೆ. ಹನ್ನೆರಡು ಬೊಟ್ಟಾದರೆ ಇಳಿಸುವುದು. ಅಕ್ಷರ ಬರದ ಕಾಲದ ಏರ್ಪಾಡು, ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಒಂದು ವರ್ಷ ಅಟ್ಟದ ಇನ್ನೊಂದು ಮಗ್ಗುಲಲ್ಲಿ ಹೆಂಚು ಒಡೆದು ಸೋರುತ್ತಿತ್ತು. ಹೊಸ ಕಾಯಿ ಹಾಕಲು ಜಾಗವಿಲ್ಲದೆ, ಆರು ಬೊಟ್ಟಾಗಿದ್ದ ರಾಶಿಯ ಮೇಲೇ ಸುರಿದೆ. ನನಗೆ ಗೊತ್ತಿತ್ತಲ್ಲ, ಇಳಿಸುವಾಗ ಮೇಲಿನದನ್ನು ಬದಿಗೆ ಸರಿಸಿದರಾಯಿತು ಎಂದುಕೊಂಡೆ. ತೊಲೆಯ ಮೇಲೆ ಬೇರೆ ಗುರುತು ಮಾಡಲಿಲ್ಲ. ಆಮೇಲೆ ಮಗಳ ಬಾಣಂತನಕ್ಕೆ ಬೇಲೂರಿಗೆ ಹೋದೆ. ಅಲ್ಲಿರುವಾಗಲೇ ಹನ್ನೆರಡನೇ ಬೊಟ್ಟು ಬಂತು. ಓರಗಿತ್ತಿ ನನಗಾಗಿ ಅದನ್ನೂ ಇಟ್ಟು, ಕಾಯಿ ಸುಲಿಯುವವರನ್ನು ಕರೆಸಿ, ಇಡೀ ರಾಶಿ ಸುಲಿಸಿಬಿಟ್ಟಳು. ಒಡೆಯಲು ಕೂತಾಗ ಅರ್ಧಕ್ಕರ್ಧ ಹಸಿ. ಸಿಪ್ಪೆ ಹೋದ ಹಸಿಕಾಯಿ ತಿರುಗಿ ಅಟ್ಟಕ್ಕೆ ಬರುವುದಿಲ್ಲ.

ನಾನು ಬೇಲೂರಿನಿಂದ ಬಂದವಳು ಚೀಲ ಇಳಿಸುವ ಮೊದಲೇ ಅವಳನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಿದ್ದೆ, ಕಣ್ಣಿಲ್ವೇನೇ ನಿಂಗೆ ಅಂತ. ಸುಲಿಯುವವರು, ಆಚೆಮನೆಯವರು ಎಲ್ಲ ಇದ್ದರು. ಅವಳು ಬೊಟ್ಟು ಎಣಿಸಿದೆ ಕಣಕ್ಕಾ ಎಂದಷ್ಟೇ ಅಂದಳು. ಆಮೇಲೆ ನನ್ನ ಮಂಡಿ ಕೆಡುವವರೆಗೂ ಅವಳನ್ನು ಅಟ್ಟ ಹತ್ತಲು ಬಿಟ್ಟವಳಲ್ಲ ನಾನು. ಹದಿನೈದು ವರ್ಷ ಹತ್ತಿರ ಹತ್ತಿರ.

ಇದನ್ನು ಸೊಸೆಗೆ ಹೇಳಲಿಲ್ಲ. ಅವಳಿಗೆ ಅವಳದೇ ಸಾಕಾಗಿತ್ತು.

ಮೂರನೆಯದು ಮೂರು ಸಾಲು ಆಯಿತು. ನನಗೆ ಓದಿ ಹೇಳಿದಳು. ಜಾಗ ಕೇಳುವವರೇ ಕೊಡಬೇಕು, ಇಲ್ಲಿ ನಕಲು ಉಳಿಯುವುದಿಲ್ಲ. ಜಾಡನ್ನು ಓದಿ ಮುಗಿಸುವವರೆಗೂ ಆ ಜಾಗವನ್ನು ಬಿಟ್ಟುಕೊಡಬೇಡಿ. ಜಾಗ ಸಾಲದಿದ್ದರೆ ಮಿಕ್ಕ ಹೆಜ್ಜೆಗಳನ್ನು ಬರೆಯುವುದಿಲ್ಲ. ನಾನು ಎಲ್ಲೂ ನಿಲ್ಲಿಸಲಿಲ್ಲ. ಕಳಿಸಿದಳು.

ಕಳಿಸಿದ ಮಾರನೇ ದಿನ ಫೋನ್ ಸತ್ತಿತು. ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದ್ದರು. ಅವಳು ದಿನಾ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಹತ್ತಿರದ ಇಂಟರ್‌ನೆಟ್ ಅಂಗಡಿಗೆ ನಡೆದುಹೋಗಿ ನೋಡಿ ಬರುತ್ತಿದ್ದಳು. ಏನೂ ಇರುತ್ತಿರಲಿಲ್ಲ. ಚಪ್ಪಲಿ ಬಿಡುವ ಸದ್ದಿನಲ್ಲೇ ನನಗೆ ಗೊತ್ತಾಗುತ್ತಿತ್ತು. ಮಗ ಒಂದು ದಿನ ಎದ್ದು ಬಂದು, ಬಿಟ್ಬಿಡು, ಬೇರೆ ಎಲ್ಲಾದರೂ ನೋಡೋಣ ಎಂದ. ಅವಳು ಅವನ ಕಡೆ ನೋಡದೆ, ತಪ್ಪು ನನ್ನದಾಗಿದ್ದರೆ ಬಿಡುತ್ತಿದ್ದೆ ಎಂದಳು. ಅವನು ವಾಪಸ್ಸು ಹೋಗಿ ಮಲಗಿದ.

ಎರಡು ದಿನ ಉಳಿದಿರುವಾಗ, ಹೋದವಳು ಬೇಗ ಬಂದಳು. ಚಪ್ಪಲಿ ಬಿಡದೆ ಅಡುಗೆಮನೆಗೇ ಬಂದಳು. ನಾನು ಬೈಯಲು ಬಾಯಿ ತೆಗೆದೆ.

"ತಗೊಂಡ್ರು ಅತ್ತೆ."

ಏನೆಂದು ಬರೆದಿದ್ದಾನೆ ಎಂದು ಕೇಳಿದೆ. ಒಂದೇ ಸಾಲಂತೆ. ಸರಿಯಾಗಿದೆ, ಇದು ಮೊದಲೇ ಇರಬೇಕಾಗಿತ್ತು, ಸೇರಿಸಿದ್ದೇನೆ. ಇಷ್ಟೆಲ್ಲ ಒದ್ದಾಡಿಸಿದ ಮನುಷ್ಯ ಒಂದು ಮಾತು ಹೆಚ್ಚು ಬರೆಯಲಿಲ್ಲ. ಅವಳು ನೆಲದ ಮೇಲೆ ಕೂತು ಅತ್ತಳು, ಸದ್ದಿಲ್ಲದೆ. ನಾನು ಒಲೆ ಸಣ್ಣ ಮಾಡಿದೆ. ಸಾಯಂಕಾಲ ಪಕ್ಕದ ಮನೆಯ ಮೊಬೈಲಿನಿಂದ ಸಾಹೇಬರಿಗೆ ಹೇಳಿದಳು. ಅವರು ಸರಿ ಎಂದರು. ತಪ್ಪು ಕಾಮೆಂಟಿನದೇ ಎಂದು ಒಪ್ಪಿದರು. ಕೆಲಸ ಉಳಿಯಿತು. ಜೊತೆಗೆ, ನೀನು ಇದನ್ನು ಚೆನ್ನಾಗಿ ಮಾಡುತ್ತೀಯ, ನಮ್ಮಲ್ಲಿ ಇಂಥವು ಬೇಕಾದಷ್ಟು ಬಿದ್ದಿವೆ, ಎಲ್ಲ ನಿನಗೇ ಕಳಿಸುತ್ತೇನೆ ಎಂದರಂತೆ. ಅದನ್ನು ಹೇಳುವಾಗ ಅವಳ ಮುಖದಲ್ಲಿ ಖುಷಿಗಿಂತ ದಣಿವೇ ಕಂಡಿತು.

ತಪ್ಪು ಕಾಮೆಂಟಿನದು ಎಂದರಲ್ಲ, ಅದು ನನ್ನ ತಲೆಯಲ್ಲಿ ಕೂತಿತು. ಭಾನುವಾರ ಕಣಕಟ್ಟೆಯ ಬಸ್ಸು ಹತ್ತಿದೆ.

ಓರಗಿತ್ತಿ ಹಿತ್ತಿಲಲ್ಲಿ ಹಸುವಿಗೆ ನೀರು ಇಡುತ್ತಿದ್ದಳು. ಕೂರು ಎಂದಳು. ಕೂತರೆ ಏಳಲು ಕಷ್ಟ ಎಂದು ನಿಂತೇ ಹೇಳಿದೆ. ಆ ವರ್ಷ ಹಳೇ ರಾಶಿಯ ಮೇಲೆ ಹೊಸ ಕಾಯಿ ಸುರಿದವಳು ನಾನು, ಗುರುತು ಹಾಕದೆ ಹೋದವಳೂ ನಾನು, ತಪ್ಪು ನಿನ್ನದಲ್ಲ. ಅವಳು ಹಸುವಿನ ಮೂತಿಯನ್ನು ಬಕೆಟ್ಟಿನಿಂದ ಸರಿಸಿದಳು.

"ನಂಗೆ ಆವತ್ತೇ ಗೊತ್ತಾಗಿತ್ತು ಕಣಕ್ಕಾ. ತಳದಾಗಿನ ಕಾಯೆಲ್ಲ ಒಣಗೈತೆ, ಮ್ಯಾಗಿಂದೇ ಹಸಿ ಐತೆ ಅಂದ್ರೆ ಯಾರ್ಗಾದ್ರೂ ಗೊತ್ತಾಗಲ್ವಾ?"

"ಮತ್ತೆ ಯಾಕೆ ಅನ್ನಲಿಲ್ಲ?"

"ನೀನು ಕೇಳಿದ್ದು ಕಣ್ಣಿಲ್ವಾ ಅಂತ. ಏನಾಯ್ತು ಅಂತ ಕೇಳಲಿಲ್ವಲ್ಲ."

ಅವಳು ಮಜ್ಜಿಗೆ ಕೊಟ್ಟಳು, ಕುಡಿದೆ. ಈಗ ಅಟ್ಟದ ಗುರುತು ಹೇಗೆ ಇಡುತ್ತೀಯ ಎಂದು ಕೇಳಿದೆ. ಏಣಿಯ ಹತ್ತಿರ ಕರೆದುಕೊಂಡು ಹೋಗಿ ಕೆಳಗಿನಿಂದಲೇ ತೋರಿಸಿದಳು. ತೊಲೆಯ ಮೇಲೆ ಸೀಮೆಸುಣ್ಣದಲ್ಲಿ ಸೊಟ್ಟ ಸೊಟ್ಟ ಅಕ್ಷರ. ಅವಳೂ ನನ್ನ ಜೊತೆಗೇ ಕ್ಲಾಸಿಗೆ ಬಂದವಳು. ಹಾಕಿದ್ದು ಯುಗಾದಿ ಆದ ಮೇಲೆ, ಮೇಲೆ ಏನೂ ಹಾಕಿಲ್ಲ, ಬರುವ ಯುಗಾದಿಗೆ ಮುಂಚೆ ಮುಟ್ಟಬಾರದು. ಎಲ್ಲ ರಾಶಿಗೂ ಹಾಗೇ ಇತ್ತು. ಯಾರು ಹೇಳಿಕೊಟ್ಟರು ಎಂದು ಕೇಳುವ ಅಗತ್ಯವಿರಲಿಲ್ಲ.

ವಾಪಸ್ಸು ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಅರಸೀಕೆರೆಯವರೆಗೂ ಕಂಬಿ ಹಿಡಿದು ನಿಂತೆ. ಮನೆಗೆ ಬರುವಾಗ ಮಂಡಿ ಊದಿತ್ತು. ಫೋನ್ ಸರಿಯಾಗಿತ್ತು, ಕಂಪ್ಯೂಟರಿನ ದೀಪ ಉರಿಯುತ್ತಿತ್ತು. ಸೊಸೆ ಕುರ್ಚಿಯಿಂದ ತಿರುಗಿ, ಅತ್ತೆ, ಇನ್ನೊಂದು ಬಂದಿದೆ, ಸ್ವಲ್ಪ ಕೇಳ್ತೀರಾ ಎಂದಳು. ಕಾಲು ತೊಳೆದುಕೊಂಡು ಬರುತ್ತೇನೆ, ಇರು ಎಂದೆ.