ಸಿನಿಮಾ ಆದ ಅತ್ತೆಯ ಮದುವೆ

ನಗು ಬಂದರೆ ನನ್ನ ಸೋದರತ್ತೆಗೆ ಮೊದಲು ಹೊಟ್ಟೆ ಕುಲುಕುತ್ತಿತ್ತು, ಆಮೇಲೆ ಭುಜ, ಕೊನೆಗೆ ಕಣ್ಣಲ್ಲಿ ನೀರು. ಸದ್ದು ಮಾತ್ರ ಹೊರಡುತ್ತಿರಲಿಲ್ಲ. ರಜೆಗೆ ಗುಬ್ಬಿಯ ಅವಳ ಮನೆಗೆ ಹೋದಾಗಲೆಲ್ಲ ನಾವು ಅವಳ ಮದುವೆಯ ಕಥೆ ಹೇಳಿಸಿಕೊಳ್ಳುತ್ತಿದ್ದೆವು.

ಮಾವ ಹೆಬ್ಬೂರಿಗೆ ಹೆಣ್ಣು ನೋಡಲು ಬಂದಿದ್ದ. ಜೊತೆಗೆ ಬರಬೇಕಿದ್ದ ಹಿರಿಯರಿಗೆ ಬಸ್ಸು ತಪ್ಪಿತ್ತು. ಒಬ್ಬನೇ ಬಂದವನು ಮನೆ ತಪ್ಪಿ ನಮ್ಮ ತಾತನ ಮನೆಗೆ ನುಗ್ಗಿದ. ತಾತ ಪಂಪ್‌ಸೆಟ್ ರಿಪೇರಿಯವನಿಗೆ ಕಾಯುತ್ತಿದ್ದರು. "ಏನಪ್ಪಾ, ಇಷ್ಟೊತ್ತಾ ಬರೋದು?" ಎಂದು ಜಗಲಿಯ ಮೇಲಿದ್ದ ಮೋಟಾರು ತೋರಿಸಿದರು. ಮಹಾ ಸಂಕೋಚದ ಮಾವ ಏನೂ ಹೇಳಲಾರದೆ ಇಸ್ತ್ರಿ ಅಂಗಿಯಲ್ಲೇ ಕೂತು ಮೋಟಾರು ಬಿಚ್ಚಿದ. ಜೋಡಿಸಲು ಬರಲಿಲ್ಲ. ಕಾಫಿ ತಂದ ಅತ್ತೆಗೆ, ಗ್ರೀಸು ಮೆತ್ತಿದ ಮುಖವೆತ್ತಿ, "ನಾನು ಹೆಣ್ಣು ನೋಡಕ್ಕೆ ಬಂದವ್ನು ಕಣ್ರೀ" ಎಂದನಂತೆ.

"ಅದು ಪಕ್ಕದ್ಮನೆ. ಮೊದ್ಲು ಇದನ್ನ ಜೋಡ್ಸಿ ಹೋಗಿ" ಎಂದಳಂತೆ ಅತ್ತೆ.

"ಅವತ್ತಿಂದ ಜೋಡಿಸ್ತಾನೇ ಅವ್ರೆ ನಿಮ್ಮಾವ" ಎಂದು ಅತ್ತೆ ಮುಗಿಸುವಾಗ, ಪೇಪರು ಓದುತ್ತಿದ್ದ ಮಾವನ ಕಿವಿ ಕೆಂಪಾಗುತ್ತಿತ್ತು.

ಮಾವ ತೀರಿಕೊಂಡ ಮೇಲೂ ಅವಳು ಆ ಕಥೆ ಬಿಡಲಿಲ್ಲ. ಕುಣಿಗಲ್ಲಿನ ಒಂದು ಮದುವೆಯಲ್ಲಿ ಅದನ್ನು ಕೇಳಿದ ಸಿನಿಮಾ ನಿರ್ದೇಶಕನೊಬ್ಬ ಗುಬ್ಬಿಗೇ ಬಂದು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋದ. ಅತ್ತೆಗೆ ಹಿಡಿಸಲಾರದ ಸಂತೋಷ. "ನಿಮ್ಮಾವ ಊರವರನ್ನೆಲ್ಲ ಇನ್ನೊಂದ್ಸಲ ನಗಿಸ್ತಾರೆ ನೋಡ್ತಿರು" ಎನ್ನುತ್ತಿದ್ದಳು.

ತುಮಕೂರಿನಲ್ಲಿ ಚಿತ್ರ ಬಿಡುಗಡೆಯಾದಾಗ ರೇಷ್ಮೆ ಸೀರೆ ಉಟ್ಟು ಬಂದಳು. ನಾನೇ ಕರೆದುಕೊಂಡು ಹೋದೆ. ಜಿಮ್ಮಿನಲ್ಲಿ ಬೆಳೆದ ತೋಳಿನ ಹೀರೋಗೆ ಸಂಕೋಚವೆಂಬುದೇ ಇರಲಿಲ್ಲ. ಹೀರೋಯಿನ್ನಿನ ತುಟಿ ಒಂದು ಹೇಳಿದರೆ ಕನ್ನಡ ಇನ್ನೊಂದು ಹೇಳುತ್ತಿತ್ತು. ಮಾವ ಬಿಚ್ಚಿ ಒದ್ದಾಡಿದ ಮೋಟಾರನ್ನು ಇವನು ಹಾಡಿನ ನಡುವೆ ಜೋಡಿಸಿ, ಹುಡುಗಿಯತ್ತ ಕಣ್ಣು ಹೊಡೆದ. ಉಳಿದದ್ದೆಲ್ಲ ಗೆಳೆಯರ ಗ್ಯಾಂಗಿನ ಡಬಲ್ ಮೀನಿಂಗ್ ಮಾತು. ಥಿಯೇಟರಿನಲ್ಲಿದ್ದ ಕೆಲವೇ ಜನರಲ್ಲಿ ಯಾರೂ ನಗಲಿಲ್ಲ. ಇಂಟರ್ವಲ್ಲಿಗೆ ಹೋದವರು ವಾಪಸ್ ಬರಲಿಲ್ಲ. ಹೊರಡೋಣವೇ ಎಂದೆ. "ಬೇಡ, ಕೊನೇಲಾದ್ರೂ ಸರಿಹೋಗ್ಬೋದು" ಎಂದಳು. ಸರಿಹೋಗಲಿಲ್ಲ.

ಬಸ್ಸಿನಲ್ಲಿ ಗುಬ್ಬಿ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಇಳಿಯುವಾಗ, "ಪಾಪ, ಅವ್ರೂ ಕಷ್ಟಪಟ್ಟವ್ರೆ ಬುಡು" ಎಂದಳು, ನನಗೇ ಸಮಾಧಾನ ಹೇಳುವಂತೆ.

ಮುಂದೊಂದು ನಾಮಕರಣದಲ್ಲಿ ಎಲ್ಲರ ಒತ್ತಾಯಕ್ಕೆ ಕಥೆ ಶುರುಮಾಡಿದಳು. ಮೋಟಾರಿನ ಹತ್ತಿರ ಬರುವಷ್ಟರಲ್ಲಿ ಬೀಗರ ಕಡೆಯ ಹುಡುಗಿಯೊಬ್ಬಳು, "ಅಯ್ಯೋ, ಇದು ಆ ಬೋರು ಸಿನಿಮಾ ಕಥೆ ಅಲ್ವಾ ಆಂಟಿ?" ಎಂದಳು. ಅತ್ತೆ "ಹೂಂ ಕಣಮ್ಮ, ಅದೇ" ಎಂದು ಎದ್ದು ಎಲೆ ಹಾಕಲು ಹೋದಳು. ಮತ್ತೆಂದೂ ಹೇಳಲಿಲ್ಲ.

ತುಮಕೂರಿನ ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ, ಒಂದಿಷ್ಟು ಗೆಲುವಾಗಲಿ ಎಂದು ನಾನೇ ಆ ಕಥೆ ಕೇಳಿದೆ.

"ಫೋಟೋ ನೋಡುದ್ರೆ ನಿಮ್ಮಾವ ಅಂತ ಗೊತ್ತಾಗುತ್ತೆ ಕಣೋ. ಆದ್ರೆ ಆ ಜಗಲಿ ನೆನೆಸ್ಕೊಂಡ್ರೆ ಅಲ್ಲಿ ಅವ್ರು ಕೂತಿಲ್ಲ. ಆ ಹೀರೋ ಕೂತವ್ನೆ."

ನಾನು ಮಾವನನ್ನು ವರ್ಣಿಸತೊಡಗಿದೆ. ಸಣಕಲು ಕುತ್ತಿಗೆ, ಉದ್ದ ಮೂಗು, ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುವುದು. ನಗುವುದನ್ನೂ ನಗಿಸುವುದನ್ನೂ ನನಗೆ ಕಲಿಸಿದವಳಿಗೆ ನಾನು ತೀರಿಸಬಹುದಾದ ಋಣ ಅಷ್ಟೇ ಇತ್ತು. ಅತ್ತೆ ಪರಿಚಯವಿಲ್ಲದ ಯಾರದೋ ವಿಷಯ ಕೇಳುವಂತೆ, ಮರ್ಯಾದೆಗೆ ತಲೆಯಾಡಿಸಿದಳು. ಆ ವಾರವೇ ಹೋಗಿಬಿಟ್ಟಳು.