ಮುಖ ಬಿಗಿಹಿಡಿಯುವ ಎಕೋ ಅಕ್ಕ

ಈಗಷ್ಟೇ ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ಮಬ್ಬುಗತ್ತಲ ಕೋಣೆಯೊಂದರಲ್ಲಿ ಒಬ್ಬ ಹೆಂಗಸು ರೋಗಿಗಳ ಎದೆಗೆ ಹಚ್ಚುವ ಜೆಲ್ಲಿಯ ಬಾಟಲಿಯನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು, ಮಗುವಿನ ಹಾಲಿನ ಬಿಸಿ ನೋಡುವಂತೆ ಮುಂಗೈ ಮೇಲೆ ಒಂದು ಹನಿ ಹಾಕಿ ನೋಡುತ್ತಿದ್ದಾರೆ.

"ತಣ್ಣಗಿದ್ರೆ ಜನ ಎದ್ದು ಕೂತ್ಬಿಡ್ತಾರೆ. ಒಬ್ಬ ಪೊಲೀಸಪ್ಪ ‘ಅಮ್ಮಾ’ ಅಂತ ಕಿರುಚಿದ್ದಕ್ಕೆ, ಹೊರಗೆ ಕೂತಿದ್ದ ಅವ್ರಮ್ಮ ಓಡಿ ಬಂದಿದ್ರು!" ಎನ್ನುತ್ತಾರೆ ನನ್ನತ್ತ ತಿರುಗಿ.

ರೋಗಿಗಳ ಪಾಲಿಗೆ ಇವರು ಎಕೋ ಅಕ್ಕ. ಎದೆಯ ಮೇಲೆ ಪುಟ್ಟ ಉಪಕರಣವೊಂದನ್ನು ಆಡಿಸಿ, ನಮ್ಮ ಕಿವಿಗೆ ಕೇಳದ ಶಬ್ದದಿಂದ ಹೃದಯದ ಚಿತ್ರ ತೆಗೆಯುವ ‘ಎಕೋ’ ಪರೀಕ್ಷೆ ಇವರ ಕೆಲಸ. ಹೃದಯ ತನ್ನಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರದೂಡುತ್ತದೆ, ಅದರ ಗೋಡೆ ಎಲ್ಲಿ ಸೋಮಾರಿಯಾಗಿದೆ ಎಂದು ಇವರು ಅಳೆಯುತ್ತಾರೆ. ಅದನ್ನು ನೋಡಿ ರೋಗಿಯ ಮುಂದಿನ ದಿನಗಳು ಹೇಗಿರಬಹುದೆಂದು ಡಾಕ್ಟರು ಅಂದಾಜಿಸುತ್ತಾರೆ. ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಹೃದಯ. ಚಾಚಿದ ಬಲಗೈ ಸಂಜೆಗೆ ಮುಷ್ಕರ ಹೂಡುವುದರಿಂದ ಮನೆಯಲ್ಲಿ ತಲೆ ಬಾಚಿಕೊಳ್ಳುವುದೂ ಎಡಗೈಯಲ್ಲೇ.

ಕೈಗಿಂತ ಹೆಚ್ಚು ದುಡಿಯುವುದು ಮುಖ. ಫಲಿತಾಂಶ ಹೇಳಬೇಕಾದವರು ಡಾಕ್ಟರು. ಆದರೆ ಮಂಚದ ಮೇಲೆ ಮಲಗಿದವರ ಕಣ್ಣೆಲ್ಲ ಅಕ್ಕನ ಮುಖದ ಮೇಲೆ.

"ಒಂದ್ಸಲ ಹಸಿವಾಗಿ ನಿಟ್ಟುಸಿರು ಬಿಟ್ಟೆ, ಅಷ್ಟೇ. ಮಲಗಿದ್ದ ಯಜಮಾನ್ರು ಹೆಂಡತೀನ ಕರೆದು, ಮನೆ ಮಗಳಿಗೆ, ಸ್ಕೂಟರ್ ಅಳಿಯನಿಗೆ ಅಂತ ಪಾಲು ಮಾಡೇಬಿಟ್ರು. ಹೃದಯ ಗಟ್ಟಿಯಾಗೇ ಇತ್ತು. ಅಳಿಯ ಇನ್ನೂ ಸ್ಕೂಟರ್ ಕೇಳ್ತಾ ಇದಾನಂತೆ!"

ಅಂದಿನಿಂದ ಕನ್ನಡಿ ಮುಂದೆ ನಿಂತು ಮುಖ ಬಿಗಿಹಿಡಿಯುವ ಅಭ್ಯಾಸ. ಇದರ ಬಿಸಿ ತಟ್ಟಿರುವುದು ಗಂಡನಿಗೆ. ಅವರ ದೂರು: "ಮೊನ್ನೆ ಆಸೆಪಟ್ಟು ಸೀರೆ ತಂದೆ. ಇಷ್ಟ ಆಯ್ತೇನೇ ಅಂದ್ರೆ, ‘ಡಾಕ್ಟ್ರು ಹೇಳ್ತಾರೆ’ ಅಂದ್ಲು!"

ಇಂದು ಮೊದಲ ಸರದಿ ನಿವೃತ್ತ ಲೆಕ್ಕದ ಮೇಷ್ಟ್ರದ್ದು. ಕಳೆದ ವರ್ಷ ನಾಲ್ಕು ಮೆಟ್ಟಿಲು ಹತ್ತಲಾಗದೆ ಏದುಸಿರು ಬಿಡುತ್ತ ಬಂದಿದ್ದರು. ಆಗ ಬಂದ ಅಂಕಿ ಇಪ್ಪತ್ತೆಂಟು. ಮುಂದಿನ ವರ್ಷ ಕಷ್ಟದ್ದೆಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

"ಇಪ್ಪತ್ತೆಂಟಾ? ಎಂಥೆಂಥವರಿಗೋ ಮೂವತ್ತೈದು ಕೊಟ್ಟು ಪಾಸು ಮಾಡಿದ ಕೈ ಇದು!" ಎಂದು ಮೇಷ್ಟ್ರು ರೇಗಿದ್ದರು.

"ಇಲ್ಲಿ ನೂರಕ್ಕೆ ನೂರು ಯಾರಿಗೂ ಬರಲ್ಲ ಸಾರ್. ಅರವತ್ತು ಬಂದ್ರೆ ಅವ್ರೇ ಜಾಣರು," ಎಂದಿದ್ದರು ಅಕ್ಕ. ಮೇಷ್ಟ್ರ ಹೆಂಡತಿ ನಕ್ಕು, ಆಮೇಲೆ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತಿದ್ದರು.

ಈಗ ಮೇಷ್ಟ್ರು ಎಡಮಗ್ಗುಲಿಗೆ ತಿರುಗಿ ಮಲಗಿದ್ದಾರೆ. ಹೆಂಡತಿ ಪಕ್ಕದಲ್ಲಿ, ಅವರ ಕನ್ನಡಕ ಹಿಡಿದು ನಿಂತಿದ್ದಾರೆ. ಅಕ್ಕ ಅಳೆಯುತ್ತಾರೆ. ಮತ್ತೆ ಅಳೆಯುತ್ತಾರೆ. ಮತ್ತೊಮ್ಮೆ.

"ಏನಮ್ಮಾ, ಒಂದೇ ಲೆಕ್ಕ ಎಷ್ಟು ಸಲ ಮಾಡ್ತೀಯಾ? ಬರಲ್ಲ ಅಂದ್ರೆ ಹೇಳು, ನಾನ್ ಹೇಳ್ಕೊಡ್ತೀನಿ."

ಅಕ್ಕನ ಮುಖ ಕಲ್ಲು. ಇದ್ದಕ್ಕಿದ್ದಂತೆ ಮೇಷ್ಟ್ರ ಹೆಂಡತಿ, "ರೀ, ಅವಳ ಮುಖ ಬಿಡಿ, ಕಾಲು ನೋಡ್ರೀ! ಕುಣೀತಿದೆ!" ಎನ್ನುತ್ತಾರೆ.

ನಿಜ. ಸ್ಟೂಲಿನ ಕೆಳಗೆ ಅಕ್ಕನ ಚಪ್ಪಲಿ ಟಪಟಪ ಬಡಿಯುತ್ತಿದೆ.

ಡಾಕ್ಟರು ಬಂದು ಪರದೆ ನೋಡುತ್ತಾರೆ. "ನಲವತ್ನಾಲ್ಕು. ಮಾತ್ರೆ ಚೆನ್ನಾಗಿ ಕೆಲಸ ಮಾಡಿದೆ. ಅಪಾಯ ಪೂರ್ತಿ ಹೋಗಿಲ್ಲ ಮೇಷ್ಟ್ರೇ, ಆದ್ರೆ ತುಂಬ ಕಡಿಮೆಯಾಗಿದೆ. ಮಾತ್ರೆ ಮಾತ್ರ ಬಿಡಬೇಡಿ." ಮೇಷ್ಟ್ರು ಹೆಂಡತಿಯ ಸೆರಗು ಎಳೆದುಕೊಂಡು ಜೆಲ್ಲಿಯ ಜೊತೆ ಕಣ್ಣನ್ನೂ ಒರೆಸಿಕೊಳ್ಳುತ್ತಾರೆ.

ಅವರು ಹೋದ ಮೇಲೆ ಅಕ್ಕನನ್ನು ಕೇಳುತ್ತೇನೆ: ನಿಮಗೇನಾದರೂ ಆಸೆ ಇದೆಯೇ?

"ನಂಗೆ ಜನರ ಮುಖ ನೆನಪಿರಲ್ಲ, ಎಲ್ರ ಹೃದಯಾನೇ ನೋಡಿರ್ತೀನಲ್ಲ," ಎಂದು ನಗುತ್ತಾರೆ. "ಹುಷಾರಾಗಿ ತರಕಾರಿ ಅಂಗಡೀಲಿ ಸಿಕ್ಕೋರು, ‘ಏನಕ್ಕಾ, ಗುರುತೇ ಸಿಗ್ಲಿಲ್ವಾ, ಅಷ್ಟೊಂದು ಜಂಬಾನಾ’ ಅಂತ ಬೈತಾರೆ. ಹಂಗೆ ಬೈಯೋರು ಇನ್ನೂ ಜಾಸ್ತಿ ಆಗ್ಲಿ."