ಹೊಳೆಗೆ ಹೋಗದ ಲಗ್ನಪತ್ರಿಕೆಗಳು

ಹೊನ್ನಾಳಿಯ ಬಸ್‌ ನಿಲ್ದಾಣದ ಹಿಂದಿನ ಓಣಿಯಲ್ಲಿ ಬೆಳಗಿನ ಆರಕ್ಕೆ ಟೀ ಅಂಗಡಿಯವರೂ ಇನ್ನೂ ಆಕಳಿಸುತ್ತಿರುತ್ತಾರೆ. ಅಂಜಮ್ಮ ಮಾತ್ರ ಪ್ರೆಸ್ಸಿನ ಶಟರನ್ನು ಅರ್ಧ ಎತ್ತಿ, ಅದರಡಿ ಬಗ್ಗಿ ಒಳಹೋಗಿ, ಚಾಪೆ ಹಾಸಿ ಕೂತಾಗಿದೆ. ಮುಂದೆ ಮೊಣಕಾಲೆತ್ತರದ ಲಗ್ನಪತ್ರಿಕೆಗಳ ರಾಶಿ. ಎಡಗೈ ಒಂದು ಹಾಳೆ ಎಳೆಯುತ್ತದೆ, ಬಲಗೈ ಮಡಿಸುತ್ತದೆ, ಹಳೆಯ ಬಾಚಣಿಗೆಯ ಬೆನ್ನು ಮಡಿಕೆಯ ಮೇಲೆ ಸರ್ರನೆ ಓಡುತ್ತದೆ. ನೋಡುತ್ತಿದ್ದಂತೆಯೇ ಒಂದು ಮದುವೆ ಮಡಿಕೆಯಾಗಿ ಪಕ್ಕಕ್ಕೆ ಸೇರುತ್ತದೆ.

ಇಷ್ಟು ಬೇಗ ಯಾಕೆ ಎಂದರೆ ನಗುತ್ತಾರೆ. "ಹೊತ್ತೇರಿದ್ರೆ ಸೆಕೆ ಆಗ್ತೈತ್ರಿ, ಫ್ಯಾನ್ ಹಾಕ್ಬೇಕು. ಫ್ಯಾನ್ ಹಾಕಿದ್ರೆ ಮದುಮಕ್ಳೆಲ್ಲಾ ಹಾರಿ ಹೋಗ್ತಾರೆ!"

ಐವತ್ತಾರು ವರ್ಷದ ಅಂಜಮ್ಮ ಈ ಪುಟ್ಟ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸಕ್ಕೆ ಸೇರಿ ಇಪ್ಪತ್ತೊಂಬತ್ತು ವರ್ಷವಾಯಿತು. ಗಂಟೆಗೆ ಇನ್ನೂರು ಪತ್ರಿಕೆ ಮಡಿಸುತ್ತಾರೆ. ಮದುವೆಯ ಹಂಗಾಮಿನಲ್ಲಿ ದಿನಕ್ಕೆ ಸಾವಿರದ ಐನೂರು ದಾಟುತ್ತದೆ. ಬಿಲ್ ಬುಕ್ಕು, ಹಾಜರಿ ಪುಸ್ತಕ, ಶಾಲೆಯ ಪ್ರಗತಿಪತ್ರ ಎಲ್ಲವೂ ಇವರ ಕೈ ದಾಟಿಯೇ ಹೊರಗೆ ಹೋಗಬೇಕು. ಆದರೆ ನಾವು ಅವರನ್ನು ಹುಡುಕಿಕೊಂಡು ಬಂದದ್ದು ಮಡಿಸಿದ ಕಾಗದಕ್ಕಲ್ಲ, ಅವರು ಹಾಳಾಗಲು ಬಿಡದ ಕಾಗದಕ್ಕೆ.

ಅದರ ಕತೆ ಶುರುವಾಗುವುದು ಹತ್ತೊಂಬತ್ತು ವರ್ಷದ ಹಿಂದೆ, ಒಬ್ಬ ಸೋದರಮಾವನ ಸಿಟ್ಟಿನಿಂದ. ನ್ಯಾಮತಿ ಕಡೆಯ ಮನೆಯೊಂದರ ಮದುವೆ. ಸಾವಿರ ಪತ್ರಿಕೆ ಅಚ್ಚಾಗಿ, ಮಡಿಕೆಯಾಗಿ, ಲಕೋಟೆಯೂ ಸೇರಿತ್ತು. ಮದುಮಗಳ ಕೈಹಿಡಿದು ಹಸೆಮಣೆಗೆ ಕರೆತರಬೇಕಾದ ಸೋದರಮಾವನ ಹೆಸರೇ ಅದರಲ್ಲಿ ಇರಲಿಲ್ಲ. ಆತ ಜಗಲಿಯ ಮೇಲೆ ಕೂತವನು ಏಳಲೇ ಇಲ್ಲ. ಹೆಸರಿಲ್ಲದ ಮದುವೆಗೆ ನಾನ್ಯಾಕೆ ಎಂದ. ಕೊನೆಗೆ ಸಾವಿರ ಪತ್ರಿಕೆಯನ್ನೂ ಹೊಸದಾಗಿ ಮುದ್ರಿಸಬೇಕಾಯಿತು.

ಹಳೆಯ ಸಾವಿರ ಏನಾಯಿತು? ನಮ್ಮ ಸೀಮೆಯ ನಂಬಿಕೆ ಗೊತ್ತಲ್ಲ. ಮದುಮಕ್ಕಳ ಹೆಸರಿರುವ ಕಾಗದ ಹರಿಯುವಂತಿಲ್ಲ, ಸುಡುವಂತಿಲ್ಲ. ದೇವರ ಚಿತ್ರ ಇರುವುದನ್ನು ರದ್ದಿಗೆ ತೂಗುವಂತಿಲ್ಲ. ಹಾಗಾದರೆ ಉಳಿದ ದಾರಿ ಒಂದೇ, ಹೊಳೆ. ಗೋಣಿಚೀಲದಲ್ಲಿ ತುಂಬಿ, ಕೈಮುಗಿದು, ತುಂಗಭದ್ರೆಗೆ ಸುರಿದು ಬಂದರು. ಪಾಪ, ಅವರಿಗೆ ಅದು ಭಕ್ತಿ. ಹೊಳೆಗೆ ಅದು ಎಂಥದ್ದು ಎಂದು ಯಾರು ಕೇಳಬೇಕು?

"ಮಾರನೇ ದಿನ ಬಟ್ಟೆ ಒಗಿಯಾಕೆ ಹೋದೆ. ನೀರೆಲ್ಲಾ ಕೆಂಪು ಕೆಂಪು. ಕಲ್ಲಿನ ಮ್ಯಾಲೆ ಗಣಪ, ಬಕೀಟಿನಾಗೆ ಗಣಪ. ಒಂದು ಎಮ್ಮೆ ನೀರಿಂದ ಎದ್ದು ಬಂತು ನೋಡ್ರಿ, ಅದರ ಬೆನ್ನಿನ ಮ್ಯಾಲೆ 'ತಮಗೆ ಆದರದ ಸ್ವಾಗತ' ಅಂತ ಅಂಟ್ಕಂಡೈತೆ! ನಗು ಬಂತು. ಆಮ್ಯಾಲೆ ಹೊಟ್ಟೆ ಉರೀತು. ಅಷ್ಟೂ ನಾನೇ ಮಡಿಸಿದ್ದಲ್ಲೇನ್ರಿ?"

ಅಂಜಮ್ಮನ ತವರು ಜಗಳೂರು ತಾಲೂಕಿನ ಒಂದು ಹಳ್ಳಿ. ಹುಡುಗಿಯಾಗಿದ್ದಾಗ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಮೈಲಿಗಟ್ಟಲೆ ನಡೆದವರು. ಕಾಗದ ಆಗಬೇಕಾದರೆ ಬರೀ ಮರ ಸಾಲದು, ನೀರೂ ಬೇಕು ಎಂಬುದನ್ನು ಮಗಳ ಶಾಲೆಯ ಪಾಠ ಕೇಳಿ ತಿಳಿದರಂತೆ. "ಮರದ ಮಾತು ಬಿಡ್ರಿ, ನಮ್ಮ ಕಡೆ ಮರಾನೇ ಕಮ್ಮಿ. ಆದ್ರೆ ನೀರು ಅಂದ್ರೆ ನಂಗೆ ಗೊತ್ತು. ಒಂದು ಕೊಡ ಚೆಲ್ಲಿದ್ರೆ ನಮ್ಮವ್ವ ಉಣ್ಣಾಕೆ ಇಡ್ತಿರ್ಲಿಲ್ಲ. ಇಲ್ಲಿ ನೀರು ಕುಡಿದು ಹುಟ್ಟಿದ ಕಾಗದಾನ ತಿರುಗಾ ನೀರಿಗೇ ಹಾಕಿ ಅದ್ನೂ ಕೆಡಿಸ್ತಾರಲ್ಲ!"

ಹೊಳೆಯಲ್ಲಿ ಆ ಎಮ್ಮೆ ಕಂಡ ದಿನವೇ ಪ್ರೆಸ್ಸಿನ ಮಾಲೀಕ ಗುರುಬಸವರಾಜ್ ಅವರ ಮುಂದೆ ನಿಂತು ಒಂದು ಮಾತು ಕೇಳಿದರು. ಅಚ್ಚಿಗೆ ಮೊದಲು ತೆಗೆಯುವ ಪ್ರೂಫ್ ಹಾಳೆಯನ್ನು ಮನೆಯ ಯಜಮಾನನ ಕೈಗೆ ಕೊಟ್ಟು ಸಹಿ ತಗೊಂಡರೆ ಸಾಲದು, ಆ ಮನೆಗೇ ಹೋಗಿ ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ಗುರುಬಸವರಾಜ್ ಆಗ ಇನ್ನೂ ಎಳೆಯ ಪ್ರಾಯದವರು. "ಅಂಜಕ್ಕ, ಇದೇನು ಪುರಾಣವೇ ಓದಿ ಹೇಳಾಕೆ?" ಎಂದು ನಕ್ಕಿದ್ದರಂತೆ. ಈಗ ಅವರೇ ಹೊಸ ಗಿರಾಕಿಗೆ ಹೇಳುತ್ತಾರೆ, "ನಮ್ಮ ಅಂಜಕ್ಕ ಓದೋ ತನಕ ಮಷೀನ್ ತಿರುಗಾದಿಲ್ಲ ನೋಡ್ರಿ."

ಆ ಓದು ಹೇಗಿರುತ್ತದೆ ಎಂದು ನೋಡಲು ನಾವೂ ಸಾಸ್ವೆಹಳ್ಳಿಯ ಬಸ್ಸು ಹತ್ತಿದೆವು. ಮಹೇಶ್ವರಪ್ಪನವರ ಮನೆಯ ಪಡಸಾಲೆಯಲ್ಲಿ ಜನ ಆಗಲೇ ಸೇರಿದ್ದಾರೆ. ಅಂಜಮ್ಮ ಮೊದಲು ಮಾಡುವ ಕೆಲಸ, ಮನೆಯ ಅತಿ ಹಿರಿಯ ಹೆಂಗಸನ್ನು ತಮ್ಮ ಪಕ್ಕಕ್ಕೆ ಕೂರಿಸಿಕೊಳ್ಳುವುದು. ಇಲ್ಲಿ ಆ ಪಟ್ಟ ಎಂಬತ್ತೆರಡರ ದ್ಯಾಮಮ್ಮನವರಿಗೆ. ಮೇಲಿನ ಮನೆದೇವರಿಂದ ಹಿಡಿದು ಕೆಳಗಿನ ಮಂಟಪದ ದಾರಿಯವರೆಗೆ ಒಂದಕ್ಷರ ಬಿಡದೆ ಓದುತ್ತಾರೆ. ಓದಿ ಮುಗಿಸಿ ಸುಮ್ಮನೆ ಕೂರುತ್ತಾರೆ. ಟೀ ಬರುತ್ತದೆ. ಟೀ ಮುಗಿಯುವವರೆಗೂ ಯಾರೂ ಸಹಿ ಹಾಕುವಂತಿಲ್ಲ. ಇದು ಅಂಜಮ್ಮನ ಕಾಯಿದೆ. ಮರೆತ ಹೆಸರು ನೆನಪಾಗುವುದು ಓದುವಾಗ ಅಲ್ಲ, ಲೋಟದ ಕೊನೆಯ ಗುಟುಕಿನಲ್ಲಿ ಎಂಬುದು ಅವರು ಕಂಡುಕೊಂಡ ಸತ್ಯ.

ಹಾಗೇ ಆಯಿತು. ದ್ಯಾಮಮ್ಮ ಲೋಟ ಕೆಳಗಿಟ್ಟವರೇ ಮಗನ ಕಡೆ ತಿರುಗಿದರು. "ಅಲ್ಲೋ ಮಹೇಶ, ಸವಳಂಗದ ಪ್ರಮೀಳನ ಹೆಸ್ರು ಎಲ್ಲೈತೋ? ನಿನ್ನ ಅತ್ತೀ ಮಗಳಲ್ಲೇನೋ ಅಕಿ? ನಿಂಗೆ ಜ್ವರ ಬಂದಾಗ ಮೂರು ರಾತ್ರಿ ಕುಂತಾಳೆ!" ಮಹೇಶ್ವರಪ್ಪನವರ ಮುಖ ಹುಳಿ ತಿಂದವರಂತಾಯಿತು. ಅಂಜಮ್ಮ ಪೆನ್ಸಿಲ್ ತೆಗೆದು ಪ್ರಮೀಳಾ ಅವರ ಹೆಸರು ಸೇರಿಸಿದರು. ಒಂದು ಮರುಮುದ್ರಣ ತಪ್ಪಿತು, ಜೊತೆಗೆ ಒಂದು ಮನಸ್ತಾಪವೂ.

ಆಮೇಲೆ ಎರಡನೇ ವರಸೆ, ಎಷ್ಟು ಬೇಕು ಎಂಬುದು. ಮಹೇಶ್ವರಪ್ಪ ಸಾವಿರದ ಐನೂರು ಎಂದರು. "ಬಾಗ್ಲು ಎಣಿಸ್ರಿ, ತಲೆ ಎಣಿಸ್ಬ್ಯಾಡ್ರಿ ಅಣ್ಣಾರೆ. ಒಂದೇ ಮನಿಗೆ ಅಪ್ಪಗೊಂದು ಮಗಗೊಂದು ಯಾಕೆ? ಅವರೇನು ಒಲೆ ಬ್ಯಾರೆ ಹೂಡ್ಯಾರಾ?" ಎಂದು ಕೇಳಿದರು ಅಂಜಮ್ಮ. ಬೀದಿ ಬೀದಿಯಾಗಿ ಎಣಿಸುತ್ತ ಹೋದಂತೆ ಲೆಕ್ಕ ಏಳುನೂರಕ್ಕೆ ಬಂದು ನಿಂತಿತು. ಮಿರಿಮಿರಿ ಪ್ಲಾಸ್ಟಿಕ್ ಹೊದಿಕೆಯ ಕಾರ್ಡಿನ ಆಸೆಯನ್ನೂ ಅವರು ಅಲ್ಲೇ ಬಿಡಿಸಿದರು. ಅಂಥದ್ದು ಮಣ್ಣಲ್ಲಿ ಕೊಳೆಯುವುದಿಲ್ಲ, ಹಸು ತಿಂದರೆ ಅದಕ್ಕೂ ಕೇಡು. ಗಿರಾಕಿಯ ಆರ್ಡರನ್ನು ಅರ್ಧಕ್ಕಿಳಿಸಿ ಬರುವ ಕೆಲಸಗಾರ್ತಿಯನ್ನು ಯಾವ ಮಾಲೀಕ ಇಟ್ಟುಕೊಂಡಾನು ಎಂದು ನೀವು ಕೇಳಬಹುದು. ನಾವೂ ಕೇಳಿದೆವು. "ಅಂಜಕ್ಕ ಓದ್ತಾರೆ ಅಂತಾನೇ ಚನ್ನಗಿರಿಯಿಂದ್ಲೂ ಜನ ಬರ್ತಾರ್ರಿ," ಎಂದರು ಗುರುಬಸವರಾಜ್. ಮೊದಲೆಲ್ಲ ಒಂದು ಹಂಗಾಮಿಗೆ ಮೂರು ನಾಲ್ಕು ಮನೆಯ ಪತ್ರಿಕೆ ಮತ್ತೆ ಅಚ್ಚಾಗುತ್ತಿತ್ತು. ಈಗ ಮೂರು ವರ್ಷಕ್ಕೊಂದು ಆದರೆ ಹೆಚ್ಚು.

ಇಷ್ಟೆಲ್ಲ ಹೇಳಿದ ಮೇಲೆ ಈ ವರ್ಷ ತಪ್ಪಾಗಿ ಅಚ್ಚಾದ ಒಂದು ಪತ್ರಿಕೆಯ ಕತೆ ಹೇಳದಿದ್ದರೆ ಮೋಸವಾಗುತ್ತದೆ. ಯಾಕೆಂದರೆ ಅದು ಅಂಜಮ್ಮನ ಮನೆಯದೇ.

ಮಗಳು ಅರ್ಪಿತಾ ಚನ್ನಗಿರಿಯ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ. ಬರುವ ಬುಧವಾರ ಅವಳ ಮದುವೆ. ಜಗಳೂರಿನಲ್ಲಿ ಕುರಿ ಸಾಕುವ ಅಂಜಮ್ಮನ ತಮ್ಮ ಕೊಟ್ರೇಶ್ ಸಾವಿರ ಕಾರ್ಡ್ ಹಾಕಿಸು ಎಂದು ಹಟ ಹಿಡಿದಿದ್ದ. ಅಂಜಮ್ಮ ಬಾಗಿಲು ಎಣಿಸಿದರು, ಮುನ್ನೂರೈವತ್ತು ಆಯಿತು. ಪತ್ರಿಕೆಯ ಒಕ್ಕಣೆಯನ್ನೂ ತಾವೇ ಬರೆದರು. ಗಂಡ ಧರ್ಮಪ್ಪ, ಭಾವ, ಮೈದುನ, ನಾದಿನಿ, ತಮ್ಮ ಕೊಟ್ರೇಶ್, ಬೀಗರು, ಬೀಗರ ಅಣ್ಣತಮ್ಮಂದಿರು. ಕಾಯಿದೆ ಪ್ರಕಾರ ಮನೆಮಂದಿಯನ್ನು ಕೂರಿಸಿ ತಾವೇ ಓದಿದರು. ಟೀ ಆಯಿತು. ಗೂಡ್ಸ್ ಆಟೋ ಓಡಿಸುವ ಧರ್ಮಪ್ಪ ಲೋಟ ಖಾಲಿ ಮಾಡಿ, "ಎಲ್ಲಾ ಬಂದೈತೆ, ಒತ್ತಿಸು," ಎಂದರು. ಅರ್ಪಿತಾಳೂ ತಲೆಯಾಡಿಸಿದಳು.

ಮುನ್ನೂರೈವತ್ತೂ ಅಚ್ಚಾಗಿ ಬಂದವು. ಮಷೀನ್ ನೋಡಿಕೊಳ್ಳುವ ತಿಪ್ಪೇಶ್ ಒಂದು ಹಾಳೆ ಹಿಡಿದು ನಿಂತವನು ಅಲ್ಲೇ ನಿಂತ. "ಅಂಜಕ್ಕ, ಮದುಮಗಳಿಗೆ ತಾಯಿ ಇಲ್ವಾ?"

ಹೌದು. ಊರಿನವರ ಸೋದರಮಾವ, ಅತ್ತೆಮಗಳು, ದೊಡ್ಡಪ್ಪ ಯಾರನ್ನೂ ಹತ್ತೊಂಬತ್ತು ವರ್ಷ ಮರೆಯದ ಅಂಜಮ್ಮ ಮಗಳ ಪತ್ರಿಕೆಯಲ್ಲಿ ತಮ್ಮ ಹೆಸರನ್ನೇ ಬರೆದಿರಲಿಲ್ಲ. ಓದುವವಳು ಎದುರಿಗೇ ಕೂತಿದ್ದಾಳೆ, ಅವಳ ಹೆಸರು ಎಲ್ಲಿ ಎಂದು ಯಾರಿಗೂ ಹೊಳೆಯಲಿಲ್ಲ. ಇದನ್ನು ಹೇಳುವಾಗ ಧರ್ಮಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಮೂವತ್ತು ವರ್ಷ ಸಂಸಾರ ಮಾಡೀನ್ರಿ. ನನ್ನ ಹೆಸ್ರು ಕೇಳಿಸ್ತು, ಸಾಕು ಅನ್ಕಂಡೆ."

ಅಚ್ಚಿನ ಪ್ಲೇಟು ತನ್ನದು, ಕಾಗದ ತನ್ನದು, ಇನ್ನೊಮ್ಮೆ ಒತ್ತಿಸಿಕೊಡುತ್ತೇನೆ ಎಂದರು ಗುರುಬಸವರಾಜ್. ಅಂಜಮ್ಮ ಒಪ್ಪಲಿಲ್ಲ. "ಮಂದಿ ಮನಿ ಜಗಲಿ ಮ್ಯಾಲೆ ಕುಂತು ಕಾಗದ ಉಳಿಸ್ರಿ ಅಂತ ಹೇಳಿ ಬಂದೋಳು, ನನ್ನ ಹೆಸ್ರಿಗೋಸ್ಕರ ಮುನ್ನೂರೈವತ್ತು ಹೊಳೆಗೆ ಹಾಕ್ಲಾ? ಹಿಂಗೇ ಹಂಚ್ರಿ. ನಾನು ಅವಳವ್ವ ಅಂತ ಊರಿಗೆಲ್ಲಾ ಗೊತ್ತೈತೆ."

ಇತ್ತ ಅರ್ಪಿತಾ ಅವ್ವನ ಮಗಳೇ ತಾನೇ. ಅವ್ವನ ಹೆಸರಿಲ್ಲದ ಪತ್ರಿಕೆಯನ್ನು ಒಂದು ಮನೆಗೂ ಕೊಡುವುದಿಲ್ಲ ಎಂದು ಗಂಟು ಕಟ್ಟಿ ಅಟ್ಟದ ಮೇಲಿಟ್ಟಳು. ಮದುವೆಗೆ ಹದಿನೈದು ದಿನ. ತಾಯಿ ಮರುಮುದ್ರಣಕ್ಕೆ ಒಪ್ಪಳು, ಮಗಳು ಹಂಚಲು ಒಪ್ಪಳು. ಎರಡು ದಿನ ಹೀಗೇ ಹೋಯಿತು. ಬೀಗರು ಫೋನ್ ಮಾಡಿ ಪತ್ರಿಕೆ ಎಲ್ಲಿ ಎಂದು ಕೇಳಿದರೆ ಧರ್ಮಪ್ಪ ಆಟೋ ಸದ್ದಿನಲ್ಲಿ ಕೇಳಿಸುತ್ತಿಲ್ಲ ಎಂದು ಇಟ್ಟುಬಿಡುತ್ತಿದ್ದರು. ಹೆಸರಿನ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿ ಹೊಡೆದುಬಿಡಿ ಎಂದು ಗುರುಬಸವರಾಜ್ ಹೇಳಿಕಳಿಸಿದರು. ಅರ್ಪಿತಾ ಅದಕ್ಕೂ ಬಗ್ಗಲಿಲ್ಲ. "ನಮ್ಮವ್ವ ಏನು ತಾಲೂಕಾಫೀಸಾ, ಸೀಲ್ ಹೊಡಿಯಾಕೆ?"

ಮೂರನೇ ದಿನ ಬೆಳಿಗ್ಗೆ ಅಂಜಮ್ಮ ಎದ್ದು ನೋಡಿದರೆ ಮಗಳು ಕಿಟಕಿಯ ಬೆಳಕಿಗೆ ಕೂತಿದ್ದಾಳೆ. ಗಂಟು ಬಿಚ್ಚಿದೆ. ಪತ್ರಿಕೆಯಲ್ಲಿ 'ಶ್ರೀ ಧರ್ಮಪ್ಪ' ಎಂಬಲ್ಲಿ ಎಡಕ್ಕೆ ಒಂದಿಷ್ಟು ಖಾಲಿ ಜಾಗವಿತ್ತು. ಅಲ್ಲಿ ನೀಲಿ ಪೆನ್ನಿನಲ್ಲಿ, ಗುಂಡಗಿನ ಅಕ್ಷರದಲ್ಲಿ, 'ಶ್ರೀಮತಿ ಅಂಜಮ್ಮ ಮತ್ತು' ಎಂದು ಬರೆಯುತ್ತಿದ್ದಾಳೆ. ಒಂದಾದ ಮೇಲೆ ಒಂದು. ಶಾಯಿ ಒರೆಸಿಹೋಗದಂತೆ ಧರ್ಮಪ್ಪ ಒಂದೊಂದನ್ನೇ ಮಂಚದ ಮೇಲೆ, ಪೆಟ್ಟಿಗೆಯ ಮೇಲೆ, ಕೊನೆಗೆ ಜಾಗ ಸಾಲದೆ ಆಟೋದ ಹಿಂಭಾಗದಲ್ಲೂ ಹರಡುತ್ತಿದ್ದಾರೆ. ತಪ್ಪಿಗೆ ದಂಡವಾಗಿ ಸಿಕ್ಕಿದ ಕೆಲಸ ಅದು. ಅಂಜಮ್ಮ ಬಾಗಿಲಲ್ಲೇ ನಿಂತು ಅತ್ತುಬಿಟ್ಟರು. ಆಮೇಲೆ ಕಣ್ಣೊರೆಸಿಕೊಂಡು, ಟೀಗೆ ನೀರಿಟ್ಟರು.

ಎಂಟು ಗಂಟೆಯ ಚನ್ನಗಿರಿ ಬಸ್ಸಿಗೆ ಮುಂಚೆ ಆದಷ್ಟು ಎಂಬಂತೆ, ಮೂರು ಬೆಳಗಿನಲ್ಲಿ ಅರ್ಪಿತಾ ಅಷ್ಟನ್ನೂ ಬರೆದು ಮುಗಿಸಿದಳು. ಒಂದು ಹಾಳೆಯೂ ಕೆಡಲಿಲ್ಲ. ನಾಲ್ಕು ಮೂಲೆಗೆ ಅರಿಸಿನ ಹಚ್ಚಿ, ಮೊದಲನೆಯದನ್ನು ದೇವರ ಮುಂದಿಟ್ಟು, ಉಳಿದದ್ದನ್ನು ಹಂಚಿ ಆಗಿದೆ.

ನಾವು ಮಾತಾಡುತ್ತಿರುವಾಗಲೇ ಅಂಜಮ್ಮನ ಫೋನು ಬಡಿದುಕೊಳ್ಳುತ್ತದೆ. ಜಗಳೂರಿನಿಂದ ಕೊಟ್ರೇಶ್. ಆತನ ದನಿ ಫೋನಿಲ್ಲದಿದ್ದರೂ ಹೊನ್ನಾಳಿಗೆ ಕೇಳುವಂತಿದೆ.

"ಅಕ್ಕಾ, ಪತ್ರಿಕೆ ಬಂತು. ನಾಕು ತಾಲೂಕಿನ ಮಂದಿ ಹೆಸ್ರು ಸರಿ ಮಾಡೋಳು ನೀನು, ನಿಂದೊಂದು ಅಚ್ಚು ಹಾಕ್ಸಾಕೆ ಆಗ್ಲಿಲ್ವಾ? ಅಕ್ಕನ ಹೆಸ್ರು ಪೆನ್ನಿನಾಗೆ ಯಾಕೆ ಐತೆ ಅಂತ ಇಲ್ಲಿ ಎಲ್ರೂ ಕೇಳ್ತಾರೆ. ಏನು ಹೇಳ್ಲಿ ನಾನು?"

ಅಂಜಮ್ಮ ಮಡಿಸುತ್ತಿದ್ದ ಹಾಳೆಯನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂರುತ್ತಾರೆ.

"ಇದ್ದದ್ದೇ ಹೇಳು ಕೊಟ್ರ. ಉಳಿದೋರ ಹೆಸ್ರು ಮಷೀನ್ ಹಾಕೈತೆ. ನಮ್ಮಕ್ಕನ ಹೆಸ್ರು ಅವಳ ಮಗಳು ಬರ್ದಾಳೆ, ಮುನ್ನೂರೈವತ್ತು ಸಲ ಬರ್ದಾಳೆ ಅಂತ ಹೇಳು."